ಬ್ಲೂಗ್ರಾಸ್ ಗಿಟಾರ್: ಮೊದಲು ಬಲಗೈ ಪಳಗಲಿ

ಆನ್‌ಲೈನ್‌ನಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ಶೈಲಿ ಕಲಿಯಲು ಹೊರಟವರು ನೇರವಾಗಿ ಡಾಕ್ ವಾಟ್ಸನ್, ಟೋನಿ ರೈಸ್ ಅವರಂಥ ಹೆಸರಾಂತ ಗಿಟಾರ್ ವಾದಕರ ಸೋಲೋಗಳಿಗೆ ಕೈ ಹಾಕುತ್ತಾರೆ. ಆಸೆ ಸಹಜವೇ. ಆದರೂ ನನ್ನ ಮಾತು ಕೇಳಿ, ರಿದಮ್‌ನಿಂದ ಶುರು ಮಾಡಿ. ಬಿಲ್ ಮನ್ರೋ ರೂಪಿಸಿದ ಈ ಸಂಗೀತದಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಇರುವುದಿಲ್ಲ. ಬಾಸ್, ಮ್ಯಾಂಡೊಲಿನ್ ಜೊತೆ ಗಿಟಾರ್ ಕೂಡ ತಾಳ ಹಿಡಿಯಬೇಕು.

ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯಿರಿ. ಮೊದಲ ಬೀಟ್‌ಗೆ ಆರನೇ ತಂತಿ (ಅತಿ ದಪ್ಪನೆಯದು) ಮಾತ್ರ, ಎರಡಕ್ಕೆ ಸ್ಟ್ರಮ್ (ಹಲವು ತಂತಿಗಳನ್ನು ಒಟ್ಟಿಗೆ ಮೀಟುವುದು), ಮೂರಕ್ಕೆ ನಾಲ್ಕನೇ ತಂತಿ, ನಾಲ್ಕಕ್ಕೆ ಮತ್ತೆ ಸ್ಟ್ರಮ್. ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 80 ಬೀಟ್‌ಗಳಲ್ಲಿರಲಿ. ಮಣಿಕಟ್ಟು ಬಿಗಿಯಾದರೆ ಇನ್ನೂ ಇಳಿಸಿ.

ಸೋಲೋಗೆ ಬಂದಾಗ ಒಂದೇ ನಿಯಮ: ಬೀಟ್ ಮೇಲೆ ಪಿಕ್ (ತಂತಿ ಮೀಟುವ ಬಿಲ್ಲೆ) ಕೆಳಕ್ಕೆ, ಬೀಟ್‌ಗಳ ನಡುವೆ ಮೇಲಕ್ಕೆ. ಒಂದು ಸ್ವರ ಬಿಟ್ಟರೂ ಕೈ ಮಾತ್ರ ನಿಲ್ಲಬಾರದು, ತಂತಿ ಮುಟ್ಟದೆ ಗಾಳಿಯಲ್ಲೇ ಸಾಗಬೇಕು. ಜಾಸ್ತಿ ಜನ ಎಡವುವುದು ಇಲ್ಲೇ, ಅದೂ ತಂತಿ ಬದಲಿಸುವಾಗ.

ಇದು ನಮಗೇ ಗೊತ್ತಾಗುವುದು ಕಷ್ಟ. ಅದಕ್ಕೇ ಶಿಕ್ಷಕರಿಗೆ ವಿಡಿಯೊ ಕಳಿಸಬೇಕು. ಕ್ಯಾಮೆರಾ ಮುಖಕ್ಕಲ್ಲ, ಬಲಗೈಗೆ ಹಿಡಿಯಿರಿ. ಮೆಟ್ರೊನೋಮ್ ಸದ್ದು ಕೇಳಿಸಲಿ. ಒಂದೇ ಟೇಕ್, ಎಡಿಟ್ ಬೇಡ. ಸುಮ್ನೆ "ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ, ಅಲ್ವಾ? "ಐದನೇ ತಂತಿಯಿಂದ ಮೂರಕ್ಕೆ ಹೋಗುವಾಗ ಪಿಕ್ ದಿಕ್ಕು ತಪ್ಪುತ್ತಿದೆಯಾ?" ಅಂತ ಕೇಳಿ. ಅವರು ತೋರಿಸಿದ ಎರಡು ಬಾರ್‌ಗಳನ್ನಷ್ಟೇ (ತಾಳದ ಎರಡು ಸುತ್ತುಗಳಷ್ಟು) ಒಂದು ವಾರ ನಿಧಾನಕ್ಕೆ ನುಡಿಸಿ, ಅದೇ ಕೋನದಿಂದ ಮತ್ತೆ ರೆಕಾರ್ಡ್ ಮಾಡಿ ಕಳಿಸಿ. ಹೊಸ ಟ್ಯೂನ್ ಅಲ್ಲಿಯವರೆಗೆ ಕಾಯಲಿ.