ಕೆರೆಗೆ ಕೊಳಚೆ ಬರುವ ದಾರಿಯನ್ನು ಕಾಲುವೆ ಹಿಡಿದು ಪತ್ತೆ ಹಚ್ಚುವ ಬಗೆ

ಚಿಕ್ಕಮಗಳೂರಿನ ಬಸವನಹಳ್ಳಿ ಕೆರೆ, ಕೋಟೆ ಕೆರೆ ಮತ್ತು ದಂಟರಮಕ್ಕಿ ಕೆರೆಗಳನ್ನು ಊರು ಸುತ್ತುವರಿದಿದೆ. ಇಂತಹ ಕೆರೆಯ ನೀರು ಕೆಟ್ಟಾಗ ಏರಿಯ ಬದಿಯ ಪ್ಲಾಸ್ಟಿಕ್ ಆರಿಸಿದರೆ ನೋಟಕ್ಕೆ ಹಿತವಾದೀತೇ ಹೊರತು ನೀರು ತಿಳಿಯಾಗುವುದಿಲ್ಲ. ಕೊಳಚೆ ಬರುವುದು ಕಾಲುವೆಯಿಂದ. ಆ ಕಾಲುವೆಯನ್ನು ನಡೆದೇ ನೋಡಬೇಕು.

ಇದಕ್ಕೆ ಫೆಬ್ರವರಿ, ಮಾರ್ಚ್ ತಿಂಗಳುಗಳು ತಕ್ಕ ಕಾಲ, ಏಕೆಂದರೆ ಮಳೆಗಾಲದಲ್ಲಿ ಎಲ್ಲ ನೀರೂ ಬೆರೆತು ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ. ಹದಿನೈದು ದಿನ ಮಳೆಯಿಲ್ಲದಿದ್ದರೂ ಕಾಲುವೆ ಹರಿಯುತ್ತಿದ್ದರೆ ಅದು ಒರತೆಯ ನೀರಾಗಿರಬೇಕು, ಇಲ್ಲವೇ ಮನೆ, ಹೋಟೆಲು, ಲಾಡ್ಜುಗಳ ಬಚ್ಚಲ ನೀರಾಗಿರಬೇಕು. ಇವೆರಡನ್ನು ಗುರುತಿಸಲು ಗಡಿಯಾರವೊಂದು ಸಾಕು: ಒರತೆ ದಿನವಿಡೀ ಹೆಚ್ಚುಕಡಿಮೆ ಒಂದೇ ಸಮನೆ ಹರಿಯುತ್ತದೆ, ಬಚ್ಚಲ ನೀರು ಬೆಳಗಿನ ಸ್ನಾನ, ಬಟ್ಟೆ, ಪಾತ್ರೆಗಳ ಹೊತ್ತಿಗೆ ಏರಿ ನಡುರಾತ್ರಿಯ ನಂತರ ತೀರಾ ಇಳಿಯುತ್ತದೆ.

ಕಾಲುವೆ ಕೆರೆಗೆ ಸೇರುವ ಬಾಯಿಯಿಂದ ಆರಂಭಿಸಿ ಮೇಲಕ್ಕೆ ನಡೆಯಿರಿ. ಒಣಗಿದ ಕವಲನ್ನು ಬಿಟ್ಟು ಹರಿಯುವ ಕವಲನ್ನೇ ಹಿಡಿಯುತ್ತ ಹೋದರೆ, ಒಳಚರಂಡಿಯ ಆಳುಗುಂಡಿ (ಮ್ಯಾನ್‌ಹೋಲ್) ಕಟ್ಟಿಕೊಂಡು ಹೊರಚೆಲ್ಲುವ ಜಾಗವೋ, ಒಳಚರಂಡಿಗೆ ಸೇರಬೇಕಾದ ಪೈಪು ಮಳೆನೀರಿನ ಚರಂಡಿಗೆ ಬಿದ್ದಿರುವ ಜಾಗವೋ ಸಿಗುತ್ತದೆ. ಅಲ್ಲಿ ಸ್ಥಳ ಮತ್ತು ಸಮಯ ದಾಖಲಾಗುವಂತೆ ಫೋಟೋ ತೆಗೆಯಿರಿ. ಬಣ್ಣಬಣ್ಣದ ಪೊರೆ ಕಂಡರೆ ಕೂಡಲೇ ಗ್ಯಾರೇಜನ್ನು ದೂರಬೇಡಿ: ಕಡ್ಡಿಯಿಂದ ಕಲಕಿದಾಗ ಒಡೆದು ಚೂರಾದರೆ ಅದು ಸಾಮಾನ್ಯವಾಗಿ ಕಬ್ಬಿಣದ ಅಂಶವಿರುವ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪೊರೆ; ಮತ್ತೆ ಕೂಡಿಕೊಂಡರೆ ಎಣ್ಣೆ. ತೋಟಗಳ ಕಡೆಯಿಂದ ಬರುವ ಹಳ್ಳವಾದರೆ, ಕಾಫಿ ಕುಯ್ಲಿನ ದಿನಗಳಲ್ಲಿ ಹುಳಿ ವಾಸನೆಯ ಕಂದು ನೀರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿನದೂ ಆಗಿರಬಹುದು.

ಕೆರೆಯನ್ನು ಸೂರ್ಯೋದಯಕ್ಕೆ ಮೊದಲು ನೋಡುವುದು ಮುಖ್ಯ. ಕೊಳಚೆಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಕೊಳಚೆಯ ಸಾರಜನಕ, ರಂಜಕಗಳಿಂದ ಕೊಬ್ಬಿದ ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೂ ಉಸಿರಾಡುತ್ತದೆ. ಹೀಗಾಗಿ ನಸುಕಿನಲ್ಲಿ ಆಮ್ಲಜನಕದ ಪ್ರಮಾಣ ಅತಿ ಕಡಿಮೆಯಿದ್ದು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ. ಮಧ್ಯಾಹ್ನ ತೆಗೆದ ಅಳತೆ ಇದನ್ನು ಮರೆಮಾಚುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಸ್ನಾನಕ್ಕೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕು. ಸ್ನಾನದ ನೀರಿನಲ್ಲಿ ಬಿಒಡಿ, ಅಂದರೆ ಕೊಳಚೆಯನ್ನು ಕೊಳೆಯಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು.

ಪರೀಕ್ಷೆಗೆ ಕಾಲುವೆಯ ಬಾಯಿಯಲ್ಲೊಂದು, ಅದರಿಂದ ದೂರ ಕೆರೆಯಲ್ಲೊಂದು ಮಾದರಿ ಬೇಕು. ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಕಾಗದದ ಪಿಎಚ್ ಪಟ್ಟಿ ಅಗ್ಗವೇನೋ ಹೌದು, ಆದರೆ ಕೊಳಚೆಯ ವಿಷಯದಲ್ಲಿ ಅದು ಹೇಳುವುದು ಅಲ್ಪ.

ದೂರನ್ನು ನಗರಸಭೆಗೂ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. "ಕೆರೆ ಹಾಳಾಗಿದೆ" ಎಂದು ಬರೆದರೆ ಉತ್ತರ ಬರುವುದು ಕಷ್ಟ. ಇಂಥ ರಸ್ತೆಯ ಇಂಥ ಆಳುಗುಂಡಿ ಎಂದು ಬರೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ, ಆ ಬೀದಿಯ ಒಳಚರಂಡಿ ನಕ್ಷೆಯನ್ನೂ ನಿಮ್ಮ ದೂರಿನ ಮೇಲೆ ಕೈಗೊಂಡ ಕ್ರಮದ ಪ್ರತಿಯನ್ನೂ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ.