ಫೋನ್ ಮಾಡಿದವರು ಏನು ಕೇಳಿದರು?

ಹುಬ್ಬಳ್ಳಿಯಲ್ಲಿ ಪತ್ರಿಕೆಗಳಿಗೆ ಜಾಹೀರಾತು ಹಿಡಿದುಕೊಡುವ ಸಣ್ಣ ಏಜೆನ್ಸಿ ನನ್ನದು. ಕೌಂಟರಿಗೆ ಬರುವವರು ಸಾಮಾನ್ಯವಾಗಿ ಒಂದು ಚೀಟಿ ಬರೆದುಕೊಂಡೇ ಬಂದಿರುತ್ತಾರೆ. ಅದಕ್ಕೆ ನಾವು ‘ಮ್ಯಾಟರ್’ ಅನ್ನುತ್ತೇವೆ. ಆ ಚೀಟಿಗೆ ಕೈ ಹಾಕುವ ಮೊದಲು ನಾನು ಕೇಳುವುದು ಇಷ್ಟೇ: ‘ನಿಮಗ ಯಾರು ಫೋನ್ ಮಾಡಬೇಕ್ರಿ, ಯಾರು ಮಾಡಬಾರದು?’ ಎರಡನೆಯದಕ್ಕೆ ಜನ ನಗುತ್ತಾರೆ. ರೊಕ್ಕ ಕೊಟ್ಟ ಮೇಲೆ ಎಷ್ಟು ಫೋನ್ ಬಂದರೂ ಬರಲಿ ಅನ್ನುವುದು ಅವರ ಲೆಕ್ಕ. ಆದರೆ ಬಾಡಿಗೆಗೆ ಕೊಡುವ ಮನೆ ಇರುವುದು ಒಂದು. ಬೇಡದವರ ಫೋನಿಗೆ ಉತ್ತರ ಕೊಟ್ಟು ಕೊಟ್ಟು ಬೇಸತ್ತ ಮಾಲಕರು, ಬೇಕಾದವರು ಫೋನ್ ಮಾಡುವ ಹೊತ್ತಿಗೆ ಎತ್ತುವುದನ್ನೇ ಬಿಟ್ಟಿರುತ್ತಾರೆ.

ಧಾರವಾಡದ ಸಪ್ತಾಪುರದ ಒಬ್ಬ ನಿವೃತ್ತ ಮಾಸ್ತರರು ತಂದ ಚೀಟಿ ಹೀಗಿತ್ತು: ‘ಧಾರವಾಡದ ಪ್ರಶಾಂತ ವಾತಾವರಣದಲ್ಲಿ ಗಾಳಿ, ಬೆಳಕು ಮತ್ತು ಎಲ್ಲ ಸೌಕರ್ಯಗಳನ್ನು ಹೊಂದಿರುವ ಸುಂದರವಾದ ಮನೆ ಬಾಡಿಗೆಗೆ ಇದೆ. ಆಸಕ್ತರು ಸಂಪರ್ಕಿಸಿ.’ ವ್ಯಾಕರಣದಲ್ಲಿ ಒಂದು ತಪ್ಪಿಲ್ಲ, ಮಾಸ್ತರರಲ್ಲವೇ! ಆದರೆ ಇದನ್ನು ಓದಿದವನಿಗೆ ಮನೆ ಎಲ್ಲಿದೆ ಅನ್ನುವುದೂ ತಿಳಿಯುವುದಿಲ್ಲ. ಅವರಿಗೆ ಒಂದು ಕೆಲಸ ಹೇಳಿದೆ. ಹಿಂದಿನ ಬಾಡಿಗೆದಾರರು ಮನೆ ನೋಡಲು ಬಂದಾಗ ಏನೇನು ಕೇಳಿದ್ದರು, ನೆನಪು ಮಾಡಿಕೊಂಡು ಹೇಳಿ ಅಂದೆ. ಪಟಪಟ ಹೇಳಿದರು: ಯಾವ ಏರಿಯಾ, ಮ್ಯಾಲಿನ ಮನಿನೋ ಕೆಳಗಿನದೋ, ಎಷ್ಟು ಖೋಲಿ, ಬೋರ್ ಐತೇನು, ಗಾಡಿ ನಿಲ್ಲಸಾಕ ಜಾಗಾ ಐತೇನು, ಡಿಪಾಜಿಟ್ ಎಷ್ಟು. ನೀರಿನ ಪ್ರಶ್ನೆಯಂತೂ ಅವಳಿ ನಗರದಲ್ಲಿ ತಪ್ಪಿದ್ದಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ಉಳಿದ ಕಡೆಯವರು ನೀರು ಬಿಡುವ ದಿನಕ್ಕೆ ಕಾಯುತ್ತಲೇ ಉಳಿದರು. ಹಾಗಾಗಿ ಇಲ್ಲಿ ಬಾಡಿಗೆ ಮನೆ ಹುಡುಕುವವರು ಗಾಳಿ, ಬೆಳಕಿಗಿಂತ ಮೊದಲು ನೀರು ಕೇಳುತ್ತಾರೆ.

ಕೊನೆಗೆ ಅಚ್ಚಾದದ್ದು ಇದು: ‘ಸಪ್ತಾಪುರ: 2 ಖೋಲಿ, ಅಡುಗೆಮನೆ, ಮೊದಲ ಮಹಡಿ. ಬೋರ್ ನೀರು. ಬೈಕಿಗೆ ಜಾಗವಿದೆ, ಕಾರಿಗಿಲ್ಲ. ಬಾಡಿಗೆ 9,000, ಡಿಪಾಜಿಟ್ 50,000. ಕುಟುಂಬಕ್ಕೆ. ಸಂಜೆ 5ರ ನಂತರ ಫೋನ್ ಮಾಡಿ.’ ‘ಕಾರಿಗಿಲ್ಲ’ ಅಂತ ಬರೆಸಿದ್ದಕ್ಕೆ ಮಾಸ್ತರರು ಗೊಣಗಿದರು. ನಮ್ಮ ಮನೆಯ ಕೊರತೆಯನ್ನು ನಾವೇ ಯಾಕೆ ಡಂಗುರ ಹೊಡೆಯಬೇಕು ಅಂತ ಅವರ ವಾದ. ಕಾರು ಇದ್ದವನು ಬಂದು, ಮನೆ ನೋಡಿ, ಗಲ್ಲಿ ನೋಡಿ ವಾಪಸ್ ಹೋಗುವುದರಿಂದ ಯಾರಿಗೆ ಲಾಭ? ಜಾಹೀರಾತಿನಲ್ಲಿ ಒಂದು ಕೊರತೆ ಹೇಳಿಬಿಟ್ಟರೆ ಉಳಿದ ಮಾತನ್ನು ಓದುವವರು ನಂಬುತ್ತಾರೆ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ವರ್ಗೀಕೃತ ಜಾಹೀರಾತಿಗೆ ಪತ್ರಿಕೆಯವರು ಪದದ ಲೆಕ್ಕದಲ್ಲೋ ಸಾಲಿನ ಲೆಕ್ಕದಲ್ಲೋ ರೊಕ್ಕ ತೆಗೆದುಕೊಳ್ಳುತ್ತಾರೆ. ಪದದ ಲೆಕ್ಕವಿದ್ದಲ್ಲಿ ನಮ್ಮ ಭಾಷೆ ನಮ್ಮ ಕಡೆಗಿದೆ. ‘ಮಾರಾಟಕ್ಕೆ ಇದೆ’ ಅಂದರೆ ಎರಡು ಪದ, ‘ಮಾರಾಟಕ್ಕಿದೆ’ ಅಂದರೆ ಒಂದು. ಶಾಲೆಯಲ್ಲಿ ಕಲಿತ ಸಂಧಿಗೆ ರೊಕ್ಕದ ಬೆಲೆ ಇರುವುದು ನನ್ನ ಕೌಂಟರಿನಲ್ಲಿ ಮಾತ್ರ. ‘ಬಾಡಿಗೆಗಿದೆ’ ಅನ್ನುವ ಶೀರ್ಷಿಕೆಯ ಕೆಳಗೇ ಅಚ್ಚಾಗುವ ಜಾಹೀರಾತಿನೊಳಗೆ ಮತ್ತೆ ‘ಬಾಡಿಗೆಗಿದೆ’ ಬೇಡ. ‘ಆಸಕ್ತರು ಸಂಪರ್ಕಿಸಿ’ಯೂ ಬೇಡ, ಆಸಕ್ತಿ ಇಲ್ಲದವರು ಯಾಕೆ ಸಂಪರ್ಕಿಸುತ್ತಾರೆ? ಹೀಗೆ ಉಳಿಸಿದ ಪದಗಳನ್ನು ನೀರಿಗೆ, ಡಿಪಾಜಿಟ್ಟಿಗೆ ಖರ್ಚು ಮಾಡಿಸುತ್ತೇನೆ.

ಮೊದಲ ಪದದ ಮೇಲೆ ನನ್ನ ಹಟ ಜಾಸ್ತಿ. ಆ ಕಾಲಂ ನೋಡುವವರು ಓದುವುದಿಲ್ಲ, ಬೆರಳಿಟ್ಟು ಕೆಳಗೆ ಜಾರಿಸುತ್ತಾರೆ. ಮನೆ ಹುಡುಕುವವನ ಬೆರಳು ಕೇಶ್ವಾಪುರ, ವಿದ್ಯಾನಗರ, ನವನಗರ ಅನ್ನುವ ಹೆಸರಿಗೆ ನಿಲ್ಲುತ್ತದೆ. ಕೆಲಸ ಹುಡುಕುವವನ ಬೆರಳು ಕೆಲಸದ ಹೆಸರಿಗೆ. ಗಾಡಿ ಕೊಳ್ಳುವವನದು ಮಾಡೆಲ್ಲಿಗೆ, ಆಮೇಲೆ ಇಸವಿಗೆ. ಹೊಲವಾದರೆ ಮೊದಲು ಊರು, ಆಮೇಲೆ ಎಕರೆ-ಗುಂಟೆ, ಕೂಡಲೇ ನೀರಾವರಿಯೋ ಒಣಬೇಸಾಯವೋ ಅನ್ನುವುದು, ಹೊಲಕ್ಕೆ ದಾರಿ ಇದೆಯೋ ಇಲ್ಲವೋ ಅನ್ನುವುದು. ಪ್ಲಾಟ್ ಆದರೆ ‘ಎನ್‌ಎ’, ಅಂದರೆ ಕೃಷಿಯೇತರ ಜಮೀನು, ಆಗಿದೆಯೇ ಅನ್ನುವುದು ಅಳತೆಗಿಂತ ಮುಂದೆ ಬರಬೇಕು.

ಬೆಲೆ ಬರೆಯಬೇಕೋ ಬೇಡವೋ ಅನ್ನುವ ವಾದ ನಮ್ಮಲ್ಲಿ ದಿನಾ ನಡೆಯುತ್ತದೆ. ‘ಮೊದಲ ರೇಟ್ ಹೇಳಿದ್ರ ಚೌಕಾಸಿ ಮಾಡಾಕ ಏನ ಉಳೀತರೀ?’ ಅನ್ನುತ್ತಾರೆ. ಬರೆಯಿರಿ ಅನ್ನುವವನು ನಾನು. ಫೋನ್ ಕಡಿಮೆ ಬರುತ್ತವೆ, ನಿಜ. ಆದರೆ ಬಂದವರು ಆ ಬೆಲೆಗೆ ಮನಸ್ಸು ಮಾಡಿಯೇ ಬಂದಿರುತ್ತಾರೆ, ಚೌಕಾಸಿ ಅಲ್ಲಿಂದ ಶುರುವಾಗುತ್ತದೆ. ಒಂದೇ ಅಪವಾದ: ಅಣ್ಣತಮ್ಮಂದಿರ ನಡುವೆ ಇನ್ನೂ ಮಾತು ಮುಗಿಯದ ಆಸ್ತಿ. ಅಲ್ಲಿ ಪತ್ರಿಕೆಯಲ್ಲಿ ಬಂದ ಅಂಕಿ ಮನೆಯೊಳಗೆ ಜಗಳ ಹಚ್ಚುತ್ತದೆ. ಮೊದಲು ಮಾತು ಮುಗಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇನೆ.

ಬಟ್ಟೆ ಅಂಗಡಿಗೆ ಸೇಲ್ಸ್‌ಮನ್ ಬೇಕು ಅಂತ ಬಂದ ಸಾವಕಾರರೊಬ್ಬರ ಮ್ಯಾಟರಿನಲ್ಲಿ ‘ಆಕರ್ಷಕ ವೇತನ’ ಅಂತಿತ್ತು. ಹೊಡೆದುಹಾಕಿ ಸಂಬಳದ ಅಂಕಿ ಬರೆಸಿದೆ. ಆದರೆ ಫಲ ಕೊಟ್ಟದ್ದು ಇನ್ನೊಂದು ಸಾಲು. ಹುಬ್ಬಳ್ಳಿ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರು ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ದಿನಾ ಬಂದು ಹೋಗುತ್ತಾರೆ. ಅವರಿಗೆ ಸಂಬಳದಷ್ಟೇ ದೊಡ್ಡ ಪ್ರಶ್ನೆ ರಾತ್ರಿ ಊರಿಗೆ ಬಸ್ಸು ಸಿಗುತ್ತದೋ ಇಲ್ಲವೋ ಅನ್ನುವುದು. ಹಿಂದಿನ ಸಲ ಫೋನ್ ಮಾಡಿದವರೆಲ್ಲ ‘ಅಂಗಡಿ ಎಷ್ಟಕ್ಕ ಬಂದ್ ಮಾಡ್ತೀರಿ?’ ಅಂತಲೇ ಕೇಳಿದ್ದರಂತೆ. ‘ಹಳ್ಳಿಯಿಂದ ಬರುವವರಿಗೆ ರಾತ್ರಿ 8ಕ್ಕೆ ಬಿಡುಗಡೆ’ ಅಂತ ಸೇರಿಸಿದೆವು. ಸಾವಕಾರರಿಗೆ ಒಂದು ತಾಸಿನ ವ್ಯಾಪಾರ ನೋಡಿಕೊಳ್ಳಲು ಊರಿನ ಹುಡುಗರಿದ್ದರು, ಒಪ್ಪಿದರು. ಆ ಸಾಲನ್ನು ನೋಡಿಯೇ ಬಂದೆವು ಅಂದ ಹುಡುಗರು ಈಗಲೂ ಆ ಗಲ್ಲೆಯ ಮುಂದೆ ಸೀರೆ ಬಿಚ್ಚಿ ತೋರಿಸುತ್ತಿದ್ದಾರೆ.

ಇನ್ನು ಡಿಸ್‌ಪ್ಲೇ, ಅಂದರೆ ಚೌಕಟ್ಟು, ಚಿತ್ರ ಹಾಕಿ ಡಿಸೈನ್ ಮಾಡಿಸುವ ಜಾಹೀರಾತು. ಇಲ್ಲಿ ಪದದ ಲೆಕ್ಕವಿಲ್ಲ, ಜಾಗದ ಲೆಕ್ಕ. ದೊಡ್ಡ ಪತ್ರಿಕೆಯ ಪುಟದಲ್ಲಿ ಸಾಮಾನ್ಯವಾಗಿ 8 ಕಾಲಂ, ಒಂದು ಕಾಲಂ ಸುಮಾರು 4 ಸೆಂಟಿಮೀಟರ್ ಅಗಲ. ಎರಡು ಕಾಲಂ ಅಗಲ, 10 ಸೆಂಟಿಮೀಟರ್ ಎತ್ತರ ಅಂದರೆ 20 ಕಾಲಂ ಸೆಂಟಿಮೀಟರ್. ದರ 200 ರೂಪಾಯಿ ಅಂತ ಹಿಡಿಯಿರಿ, 4,000 ಆಯಿತು, ಮೇಲೆ ಶೇ 5 ಜಿಎಸ್‌ಟಿ ಸೇರಿ 4,200. ಬಣ್ಣಕ್ಕೆ, ಮುಖಪುಟಕ್ಕೆ ದರ ಬೇರೆ. ಹುಬ್ಬಳ್ಳಿ ಆವೃತ್ತಿಗಷ್ಟೇ ಕೊಟ್ಟರೆ ಸಾಕಾದವರು ಇಡೀ ರಾಜ್ಯಕ್ಕೆ ಕೊಡುವುದು ದಂಡ. ಗದಗದ ಆಸ್ಪತ್ರೆಗೆ ಮೈಸೂರಿನವರು ಯಾಕೆ ಬರುತ್ತಾರೆ?

ಡಿಸ್‌ಪ್ಲೇ ಜಾಹೀರಾತಿನಲ್ಲಿ ದೊಡ್ಡ ಗುದ್ದಾಟ ಬರೆಯುವುದಲ್ಲ, ಬೇಡದ್ದನ್ನು ಕೈಬಿಡಿಸುವುದು. ಮಾಲಕರ ಫೋಟೋ, ಅವರ ತಂದೆಯವರ ಫೋಟೋ, ಮನೆದೇವರು, ‘ನಂಬಿಕೆಗೆ ಇನ್ನೊಂದು ಹೆಸರು’, ನಾಲ್ಕು ಶಾಖೆಗಳ ವಿಳಾಸ, ಆರು ಫೋನ್ ನಂಬರು. ಇವೆಲ್ಲ ಎರಡು ಕಾಲಮ್ಮಿನೊಳಗೆ ಕೂರಬೇಕು. ಸುತ್ತ ಒಂದಿಷ್ಟು ಬಿಳಿ ಜಾಗ ಬಿಟ್ಟು ಪ್ರೂಫ್ ತೋರಿಸಿದರೆ ‘ಇಷ್ಟ ರೊಕ್ಕಾ ಕೊಟ್ಟೇನಿ, ಜಾಗಾ ಖಾಲಿ ಬಿಟ್ಟೀರೆಲ್ರೀ!’ ಅನ್ನುತ್ತಾರೆ. ಇದಕ್ಕೆ ನಾನು ವಾದ ಮಾಡುವುದಿಲ್ಲ. ಎರಡೂ ಡಿಸೈನನ್ನು ಅದೇ ಅಳತೆಯಲ್ಲಿ ಪ್ರಿಂಟ್ ತೆಗೆದು, ಹಳೆಯ ಪತ್ರಿಕೆಯ ಪುಟದ ಮೇಲೆ ಅಂಟಿಸಿ, ಗೋಡೆಗೆ ಹಿಡಿದು ನಿಲ್ಲುತ್ತೇನೆ. ಕಂಪ್ಯೂಟರ್ ಪರದೆಯ ಮೇಲೆ ಒಂಟಿಯಾಗಿ ಎಲ್ಲ ಜಾಹೀರಾತೂ ಚಂದ ಕಾಣುತ್ತದೆ. ಸುದ್ದಿಗಳ ಸಂತೆಯ ನಡುವೆ ಯಾವುದು ಕಣ್ಣಿಗೆ ಬೀಳುತ್ತದೆ ಅನ್ನುವುದನ್ನು ಮಾಲಕರೇ ನೋಡಿ ಹೇಳುತ್ತಾರೆ.

ಕನ್ನಡದ ಒಂದು ತೊಂದರೆಯನ್ನು ಬೆಂಗಳೂರಿನಿಂದ ಬರುವ ಇಂಗ್ಲಿಷ್ ಡಿಸೈನುಗಳಿಗೆ ಕನ್ನಡ ತುಂಬುವವರು ಬೇಗ ಮರೆಯುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ‘ಸ್ತ್ರೀರೋಗ ತಜ್ಞರು’ ಅಂತ ಬರೆದು ನೋಡಿ. ಸಾಲಿನ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಪ್ಪು ಪಟ್ಟಿಯ ಮೇಲೆ ಸಣ್ಣ ಬಿಳಿ ಅಕ್ಷರ ಇಟ್ಟರೆ ಇನ್ನೂ ಕಷ್ಟ. ಪತ್ರಿಕೆಯ ಕಾಗದ ಶಾಯಿ ಹೀರುತ್ತದೆ, ಶಾಯಿ ಹರಡಿ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಹಾಗೆಯೇ ಫೋನ್ ನಂಬರನ್ನು ಎರಡು ಮೂರು ಬಣ್ಣ ಕೂಡಿಸಿದ ಬಣ್ಣದಲ್ಲಿ ಇಡಬೇಡಿ. ನಾಲ್ಕು ಬಣ್ಣದ ಪ್ಲೇಟು ಒಂದು ಕೂದಲೆಳೆ ಸರಿದರೂ 3 ಯಾವುದು 8 ಯಾವುದು ತಿಳಿಯುವುದಿಲ್ಲ. ನಂಬರು ಬಿಳಿಯ ಮೇಲೆ ಬರೀ ಕಪ್ಪಿನಲ್ಲಿರಲಿ. ಈ ಮಾತು ನನಗೆ ಹೇಳಿಕೊಟ್ಟವರು ಗದಗದ ಹಳೆಯ ಮುದ್ರಕರು. ಗದಗ-ಬೆಟಗೇರಿಗೆ ‘ಮುದ್ರಣ ಕಾಶಿ’ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಒಂದೊಂದೇ ಅಚ್ಚಿನ ಮೊಳೆ ಹೆಕ್ಕಿ ಜೋಡಿಸಿ ಬೆರಳು ಸವೆಸಿದವರು ಬೇಡದ ಪದವನ್ನು ಕಂಡರೆ ಈಗಲೂ ಹುಬ್ಬು ಗಂಟಿಕ್ಕುತ್ತಾರೆ. ಒಂದೇ ಓಣಿಗೆ ಬೇಕಾದ ವ್ಯಾಪಾರವಾದರೆ ಪತ್ರಿಕೆಯ ಮಾತು ಬಿಟ್ಟು, ಅವರಲ್ಲಿ ಹ್ಯಾಂಡ್‌ಬಿಲ್ ಮಾಡಿಸಿ, ಪೇಪರ್ ಹಾಕುವ ಹುಡುಗರ ಕೈಯಲ್ಲಿ ಆ ಓಣಿಗಷ್ಟೇ ಹಂಚಿಸಿ ಅನ್ನುತ್ತೇನೆ. ನನ್ನ ಕಮಿಷನ್ ಹೋಗುತ್ತದೆ, ಗಿರಾಕಿ ಉಳಿಯುತ್ತಾರೆ.

ದೀಪಾವಳಿಗೆ ನಮ್ಮ ವ್ಯಾಪಾರಿಗಳೆಲ್ಲ ಶುಭಾಶಯದ ಜಾಹೀರಾತು ಕೊಡುತ್ತಾರೆ. ಪುಟದ ತುಂಬ ಹಣತೆ. ಯಾವ ಹಣತೆ ಯಾವ ಅಂಗಡಿಯದು ಅನ್ನುವುದು ಆ ಹಣತೆಗೂ ಗೊತ್ತಿರಲಿಕ್ಕಿಲ್ಲ. ಬಟ್ಟೆ ಅಂಗಡಿಯ ಒಬ್ಬರಿಗೆ ಆ ರೊಕ್ಕದಲ್ಲಿ ಅರ್ಧವನ್ನು ಮದುವೆ ಸೀಜನ್ನಿಗೆ ಎತ್ತಿಡಿಸಿದೆ. ತಲೆಬರಹ ಇಷ್ಟೇ: ‘ಮದುವಿ ಬಸ್ತಾ ಒಂದ ಅಂಗಡ್ಯಾಗ’. ಬಸ್ತಾ ಅಂದರೆ ಮದುವೆಯ ಬಟ್ಟೆ ಖರೀದಿ. ಕೆಳಗೆ ಆಹೇರಿ ಸೀರೆ ಎಷ್ಟರಿಂದ ಶುರು, ಇಳಕಲ್ ಸೀರೆ ಎಷ್ಟರಿಂದ ಅನ್ನುವ ಅಂಕಿ. ಆಮೇಲೆ ಒಂದು ಸಾಲು: ‘ಕ್ರೂಸರ್ ನಿಲ್ಲಿಸಲು ಜಾಗ, ಮಧ್ಯಾಹ್ನದ ಊಟ ನಮ್ಮದು.’ ಬಸ್ತಾ ಮಾಡಲು ಹಳ್ಳಿಯಿಂದ ಬರುವುದು ಒಬ್ಬರಲ್ಲ ಇಬ್ಬರಲ್ಲ, ಅತ್ತೆ, ಸೋದರಮಾವ, ಹಿರೀಕರು, ಮಕ್ಕಳೆಲ್ಲ ಒಂದು ಗಾಡಿಯಲ್ಲಿ ತುಂಬಿಕೊಂಡು ಬರುತ್ತಾರೆ. ದುರ್ಗದಬೈಲಿನ ಗದ್ದಲದಲ್ಲಿ ಆ ಗಾಡಿ ಎಲ್ಲಿ ನಿಲ್ಲಿಸುವುದು ಅನ್ನುವುದೇ ಅವರ ಮೊದಲ ಚಿಂತೆ. ಫೋನ್ ಮಾಡಿದವರು ಸೀರೆಯ ಮಾತು ಆಮೇಲೆ ಆಡಿದರು, ‘ಗಾಡಿ ಖರೇನ ನಿಲ್ಲಸಾಕ ಬಿಡ್ತೀರಿ?’ ಅಂತ ಮೊದಲು ಕೇಳಿದರು. ತಲೆಬರಹವನ್ನು ನಮ್ಮ ಆಡುಮಾತಿನಲ್ಲಿ ಇಡುವುದು ಇಂಥ ಕಡೆ ಒಪ್ಪುತ್ತದೆ. ಆಸ್ಪತ್ರೆ, ಬ್ಯಾಂಕು, ಶಾಲೆಗಳಿಗೆ ನಾನು ಹಾಗೆ ಬರೆಯುವುದಿಲ್ಲ. ಅಲ್ಲಿ ಜನ ಬಯಸುವುದು ಸಲಿಗೆಯನ್ನಲ್ಲ.

ಯಾವ ದಿನ ಕೊಡಬೇಕು ಅನ್ನುವುದನ್ನು ಕ್ಯಾಲೆಂಡರಿಗಿಂತ ಮಾರುಕಟ್ಟೆ ಚೆನ್ನಾಗಿ ಹೇಳುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ, ಗುರುವಾರ ನಡೆಯುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಭರಾಟೆ. ಟ್ರ್ಯಾಕ್ಟರ್, ಪಂಪ್‌ಸೆಟ್ ಮಾರುವವರಿಗೆ ಆ ದಿನಗಳ ಬೆಳಗಿನ ಪತ್ರಿಕೆ ಸೂಚಿಸುತ್ತೇನೆ, ಆವಕ ಇಳಿಸಿ ಚಹಾದಂಗಡಿಯಲ್ಲಿ ಕೂತ ರೈತ ಪೇಪರ್ ತಿರುವುತ್ತಾನೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೆ ಮೇ ಕೊನೆಯ ವಾರ. ಮಳೆ ಬಿದ್ದ ಮೇಲೆ ಕೊಟ್ಟ ಬೀಜದ ಜಾಹೀರಾತನ್ನು ಓದುವಷ್ಟು ಪುರುಸೊತ್ತು ರೈತನಿಗೆ ಎಲ್ಲಿದೆ?

ಎರಡು ಪತ್ರಿಕೆಗೆ ಕೊಟ್ಟಾಗ ಯಾವುದು ಕೆಲಸ ಮಾಡಿತು ಅಂತ ತಿಳಿಯಲು ಸುಲಭದ ಉಪಾಯವಿದೆ. ಒಂದರಲ್ಲಿ ಒಂದು ನಂಬರು, ಇನ್ನೊಂದರಲ್ಲಿ ಇನ್ನೊಂದು. ಎರಡನೇ ಸಿಮ್ ಇಲ್ಲದಿದ್ದರೆ ಒಂದರಲ್ಲಿ ಮಾಲಕರ ಹೆಸರು, ಇನ್ನೊಂದರಲ್ಲಿ ಮ್ಯಾನೇಜರ್ ಹೆಸರು. ಫೋನ್ ಮಾಡಿದವರು ಯಾರನ್ನು ಕೇಳುತ್ತಾರೋ ಅದರ ಮೇಲೆ ಗೀಟು ಹಾಕುತ್ತ ಹೋದರೆ ಆಯಿತು.

ಕೆಲವು ಮ್ಯಾಟರ್ ನಾನು ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಗುಣಪಡಿಸುತ್ತೇವೆ ಅನ್ನುವ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ಅಡ್ಡ ನಿಂತಿದೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆಗಿದ್ದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು ತರದಿದ್ದರೆ, 2016ರ ಕಾಯ್ದೆ ಹೇಳಿ ಕೈ ಮುಗಿಯುತ್ತೇನೆ. ಕೆಲಸ ಕೊಡುವವರು ಮುಂಗಡ ರೊಕ್ಕ ಕೇಳುವ ವಾಸನೆ ಬಂದರೂ ಅಷ್ಟೇ. ಹೆಸರು ಬದಲಾವಣೆ, ಅಂಕಪಟ್ಟಿ ಕಳೆದ ಪ್ರಕಟಣೆಗಳಲ್ಲಿ ನನ್ನ ಬರವಣಿಗೆಯ ಶಾಣ್ಯಾತನಕ್ಕೆ ಜಾಗವೇ ಇಲ್ಲ. ಅಫಿಡವಿಟ್ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದಷ್ಟೇ.

ಜಾಹೀರಾತು ಬರುವ ಹಿಂದಿನ ದಿನ ಸಂಜೆ ಮಾಲಕರಿಗೆ ಅದರ ಒಂದು ಪ್ರಿಂಟ್ ಕೊಡುತ್ತೇನೆ. ಅದನ್ನು ಫೋನ್ ಇಡುವ ಜಾಗದಲ್ಲಿ ಅಂಟಿಸಬೇಕು, ಪಕ್ಕದಲ್ಲೊಂದು ನೋಟ್‌ಬುಕ್ಕು ಇಡಬೇಕು, ಕೇಳಿದ ಪ್ರಶ್ನೆಗಳನ್ನು ಬರೆಯಬೇಕು. ಎರಡನೇ ಸಲ ಜಾಹೀರಾತು ಕೊಡುವಾಗ ಆ ನೋಟ್‌ಬುಕ್ಕೇ ನನ್ನ ಮ್ಯಾಟರ್. ಎಷ್ಟೋ ಅಂಗಡಿಗಳಲ್ಲಿ ಫೋನ್ ಎತ್ತಿದ ಹುಡುಗ ‘ಸಾವಕಾರ್ರು ಊಟಕ್ಕ ಹೋಗ್ಯಾರ್ರೀ, ಆಮ್ಯಾಲ ಮಾಡ್ರಿ’ ಅಂತ ಇಟ್ಟುಬಿಡುತ್ತಾನೆ. ಅದಕ್ಕೇ ನಾನು ಗಿರಾಕಿಗಳಿಗೆ ಮೊದಲೇ ಕೇಳುತ್ತೇನೆ: ಈ ಭಾನುವಾರ ದಿನವಿಡೀ ಫೋನ್ ಎತ್ತುವವರು ಯಾರು? ಯಾರೂ ಇಲ್ಲ, ಊರಲ್ಲಿ ಜಾತ್ರೆ ಐತಿ ಅಂದರೆ ಜಾಹೀರಾತು ಹಾಕಿ ಅಂತ ಪತ್ರಿಕೆಗೆ ಕೊಡುವ ರಿಲೀಸ್ ಆರ್ಡರನ್ನು ಮುಂದಿನ ವಾರಕ್ಕೆ ಬರೆಯುತ್ತೇನೆ.