ಎರಡು ಐಟಂಗಳ ನಡುವಿನ ಜಾಗ

ಹದಿನಾಲ್ಕು ಐಟಂಗಳಿದ್ದ ನನ್ನ ಶೋವನ್ನು ಎಂಟಕ್ಕೆ ಇಳಿಸುತ್ತೇನೆ ಎಂದಾಗ ಮುಂಬಯಿಯ ನಮ್ಮ ಜಾದೂ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಐಟಂ ಕಮ್ಮಿಯಾದ್ರೆ ಸಂಘದವರು ದುಡ್ಡೂ ಕಮ್ಮಿ ಮಾಡ್ತಾರೆ ಮಾರಾಯ್ರೆ" ಅಂದರು ಹಿರಿಯರೊಬ್ಬರು. ಈಗ ಅದೇ ನಲವತ್ತು ನಿಮಿಷಕ್ಕೆ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಸಿಗುತ್ತಿದೆ. ಮಾಟುಂಗದ ಮೈಸೂರು ಅಸೋಸಿಯೇಶನ್ ಸಭಾಂಗಣದಲ್ಲಿ ಮುಂದಿನ ಸಾಲಿನ ಮಕ್ಕಳು ಕೊನೆಯವರೆಗೂ ಏಳಲಿಲ್ಲ.

ನನ್ನ ತೊಂದರೆ ಐಟಂಗಳ ನಡುವಿನ ಜಾಗದ್ದು: ಒಂದು ಐಟಂ ಮುಗಿಸಿ, ಟೇಬಲ್ ಕಡೆ ಹೋಗಿ, ಬೆನ್ನು ತಿರುಗಿಸಿ ಮುಂದಿನ ಸಾಮಾನು ಎತ್ತಿಕೊಳ್ಳುವಷ್ಟರಲ್ಲಿ ಸಭೆ ತಣ್ಣಗಾಗುತ್ತದೆ. ಈ ಜಾಗ ತುಂಬಲು ಮೊದಮೊದಲು ಸಂಗೀತದ ದಾರಿ ಹಿಡಿದೆ. ಐಟಂಗೊಂದು ಟ್ರ್ಯಾಕ್ ಕತ್ತರಿಸಲು ಸ್ಟುಡಿಯೋಗೆ ನಾಲ್ಕೈದು ಸಾವಿರ ಹೋಯಿತು. ಚಪ್ಪಾಳೆ ಉದ್ದವಾದ ದಿನ ಹಾಡು ಮುಂದೆ ಓಡಿತು, ಚಿಕ್ಕದಾದ ದಿನ ನಾನೇ ಕಾಯುತ್ತ ನಿಂತೆ. ಆಮೇಲೆ ಸಹಾಯಕಿ: ಶೋಗೆ ಸಾವಿರದೈನೂರು, ಮೇಲೆ ಟ್ಯಾಕ್ಸಿ ಬಾಡಿಗೆ. ಜನ ಅವಳ ಕೈಯನ್ನೇ ನೋಡತೊಡಗಿದರು. ಪ್ಯಾಟರ್, ಅಂದರೆ ಜಾದೂ ಜತೆಗಿನ ಮಾತು, ಉದ್ದ ಮಾಡಿದ್ದೂ ಕೆಲಸಕ್ಕೆ ಬರಲಿಲ್ಲ; ಹೊತ್ತು ತಳ್ಳುತ್ತಿದ್ದೇವೆ ಎಂಬುದು ಮಕ್ಕಳಿಗೆ ಮೊದಲು ತಿಳಿಯುತ್ತದೆ.

ಗೆದ್ದದ್ದು ಇದು: ಒಂದು ಐಟಂ ಕೊನೆಯಲ್ಲಿ ಕೈಗೆ ಬಂದದ್ದರಿಂದಲೇ ಮುಂದಿನದು ಶುರುವಾಗಬೇಕು. ಎಗ್ ಬ್ಯಾಗ್‌ನ (ಮೊಟ್ಟೆ ಮಾಯವಾಗಿ ಮತ್ತೆ ಬರುವ ಚೀಲ) ಮೊಟ್ಟೆ ಡವ್ ಪ್ಯಾನ್‌ಗೆ (ಖಾಲಿ ಕಂಡು, ಮುಚ್ಚಿ ತೆಗೆದರೆ ತುಂಬಿರುವ ಪಾತ್ರೆ) ಒಡೆದು ಬೀಳುತ್ತದೆ. ಮುಚ್ಚಳ ತೆಗೆದರೆ ಸಿಲ್ಕ್, ಅಂದರೆ ರೇಷ್ಮೆ ರೂಮಾಲುಗಳ ರಾಶಿ. (ಪ್ಯಾನ್‌ನಲ್ಲಿ ಬೆಂಕಿ ಹಚ್ಚುವುದನ್ನು ಬಿಟ್ಟುಬಿಟ್ಟೆ, ಹಾಲ್‌ನವರ ಜತೆ ದಿನಾ ವಾದ ಯಾರಿಗೆ ಬೇಕು?) ಅದರಲ್ಲೊಂದು ಸಿಲ್ಕ್ ರಿಂಗ್‌ನೊಳಗೆ ಹಾದಾಗ ಲಿಂಕಿಂಗ್ ರಿಂಗ್ (ಬಿಡಿ ಲೋಹದ ಬಳೆಗಳು ಒಂದಕ್ಕೊಂದು ಕೊಂಡಿಯಾಗುವ ಐಟಂ) ಆಗಲೇ ನಡೆಯುತ್ತಿರುತ್ತದೆ. ಎಂಟು ರಿಂಗಿನ ಸೆಟ್ ಎತ್ತುವಾಗಲೇ ಗಲಗಲ ಸದ್ದು ಮಾಡುತ್ತಿತ್ತು. ನಾಲ್ಕು ರಿಂಗಿಗೆ ಇಳಿದೆ, ಮೊದಲಿನಿಂದಲೂ ತೋಳಿನ ಮೇಲೇ ಇರುತ್ತವೆ.

ಹೀಗೆ ಒಂದಕ್ಕೊಂದು ಕೂಡಿಕೊಳ್ಳದ ಮೂರು ಕಡೆ ನೀರಿನ ಲೋಟಾ ಇಟ್ಟೆ: ಬರಿದು ಮಾಡಿದರೂ ಮತ್ತೆ ನೀರು ಸುರಿಸುವ ಚೊಂಬು. ಬಂಗಾಳದ ಜಾದೂಗಾರ ಪಿ.ಸಿ. ಸೊರ್ಕಾರ್ (1913–1971) 'ವಾಟರ್ ಆಫ್ ಇಂಡಿಯಾ' ಎಂದು ಐಟಂಗಳ ನಡುವೆ ಮತ್ತೆ ಮತ್ತೆ ಬರಿದು ಮಾಡುತ್ತಿದ್ದ ಅದೇ ಲೋಟಾ. ಬಹಳ ಮಂದಿ ಅದನ್ನು ನಗೆಯ ಐಟಂ ಎನ್ನುತ್ತಾರೆ. ನನಗೆ ಅದು ಸೇತುವೆ. ಜನರ ಕಣ್ಣು ಬೀಳುವ ನೀರಿನ ಮೇಲಿರುವಾಗ ಟೇಬಲ್ ಬದಲಾಗುತ್ತದೆ. ಮೂರನೆಯ ಸಲ ನನ್ನ ಎಡಗೈ ಏನು ಮಾಡುತ್ತದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ.

ಅಂಗಡಿಯ ಲೋಟಾ ಎರಡನೆಯ ಸಲಕ್ಕೇ ಸಪ್ಪೆ, ನೀರು ಸಾಲದು. ಪುಣೆಯ ಕಸಬಾ ಪೇಠದಲ್ಲಿ ತಾಮ್ರದ ಕೆಲಸದವರ ಓಣಿಯಾದ ತಾಂಬಟ್ ಆಳಿಗೆ ಹೋಗಿ ತಾಮ್ರದ್ದು ಮಾಡಿಸಿದೆ, ಮೂರು ಸಾವಿರದ ಆಸುಪಾಸು. ಮೊದಲನೆಯದು ಒಳಬೆಸುಗೆಯಲ್ಲಿ ಸೋರಿತು, ಮತ್ತೊಂದು ಮಾಡಿಸಿದೆ. ಅದೇ ಹುಮ್ಮಸ್ಸಿನಲ್ಲಿ ನೀರಿಗೆ ಬಣ್ಣ ಹಾಕಿಯೂ ನೋಡಿದೆ. ಹಿಂದಿನ ಸಾಲಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಸಿಲ್ಕ್‌ಗೆ ಕಲೆ ಹತ್ತಿ ಆರು ರೂಮಾಲು ಹಾಳು.

ರಿಂಗ್‌ನಿಂದ ಹಗ್ಗಕ್ಕೆ ದಾಟುವ ಜಾಗ ಇನ್ನೂ ಕುಂಟುತ್ತಿದೆ. ಸದ್ಯ ರಿಂಗಿಗೇ ಹಗ್ಗ ಕಟ್ಟಿ ಅಭ್ಯಾಸ ಮಾಡುತ್ತಿದ್ದೇನೆ.